"ಸಾರ್ ಬಂದಿಲ್ವಾ ಮೇಡಂ?" ಅನ್ನುವ ಗ್ಯಾರೇಜಿನಲ್ಲಿ ನಿಮ್ಮ ಮಾತು ನಡೆಯಬೇಕೆಂದರೆ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಕಾಲೇಜು ಉಪನ್ಯಾಸಕಿ. ನನ್ನದು ಐದು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, 38,000 ಕಿ.ಮೀ. ಓಡಿದೆ. ಓಡಿಸುವವಳು ನಾನೊಬ್ಬಳೇ. ಹಂಪ್ ಇಳಿಯುವಾಗ ಮುಂದಿನ ಎಡಗಡೆ ಶಬ್ದ ಬರುತ್ತಿತ್ತು ಅಂತ ಸರ್ವಿಸ್‌ಗೆ ಬಿಟ್ಟೆ. ಮಧ್ಯಾಹ್ನ ಫೋನ್ ಮಾಡಿ 24,000 ರೂಪಾಯಿ ಆಗುತ್ತದೆ ಅಂದರು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್, ಕ್ಲಚ್ ಸೆಟ್, ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಫ್ಲಶ್, ಎಸಿ ಕ್ಲೀನಿಂಗ್ ಎಲ್ಲ ಸೇರಿಸಿದ್ದರು. "ನೀವು ಹಾಫ್ ಕ್ಲಚ್ ಒತ್ತಿಕೊಂಡೇ ಓಡಿಸ್ತೀರಾ ಮೇಡಂ, ಲೇಡೀಸ್ ಗಾಡೀಲಿ ಹೀಗೇ ಆಗೋದು" ಅಂತಲೂ ಹೇಳಿದರು. ಬೇಡ ಅಂತ ಗಾಡಿ ವಾಪಸ್ ತಂದೆ. ಮುಂದಿನ ವಾರ ತಮ್ಮ ಅದೇ ಜಾಗಕ್ಕೆ ತೆಗೆದುಕೊಂಡು ಹೋದ. ಲಿಂಕ್ ರಾಡ್ (ಸಸ್ಪೆನ್ಷನ್ನಿನ ಒಂದು ಸಣ್ಣ ಕೊಂಡಿ) ಮತ್ತು ಮಾಮೂಲಿ ಸರ್ವಿಸ್ ಸೇರಿ 8,600 ಅಂದರು. ಕ್ಲಚ್ ಮಾತೇ ಬರಲಿಲ್ಲ. ಕೆಲಸ ಮಾಡಿಸದೆ ಅವನೂ ವಾಪಸ್ ತಂದಿದ್ದಾನೆ. ಇದು ನಾನು ಹೆಂಗಸು ಅನ್ನುವುದಕ್ಕೇ ಆಗಿದ್ದಾ? ದೂರು ಕೊಡಬಹುದಾ? ಇನ್ನು ಮೇಲೆ ತಮ್ಮನನ್ನೇ ಕಳಿಸಲಾ?

ಉತ್ತರ: ಹೌದು, ಅದಕ್ಕೇ ಆಗಿದ್ದು ಅಂತಲೇ ನನಗೆ ಅನಿಸುತ್ತದೆ. ಅದೇ ಗಾಡಿ, ಅದೇ ಜಾಗ, ನಡುವೆ ಒಂದೇ ವಾರ. ಸವೆದ ಕ್ಲಚ್ ಒಂದು ವಾರದಲ್ಲಿ ತಾನಾಗಿ ಸರಿಹೋಗುವುದಿಲ್ಲ. "ಬೇರೆ ಅಡ್ವೈಸರ್ ನೋಡಿರಬಹುದು ಬಿಡಿ" ಅಂತ ಯಾರಾದರೂ ನಿಮಗೆ ಸಮಾಧಾನ ಹೇಳಬಹುದು. ಅಡ್ವೈಸರ್, ಅಂದರೆ ಕೌಂಟರಿನಲ್ಲಿ ಕೂತು ಎಸ್ಟಿಮೇಟ್ ಹೇಳುವವರು, ಬದಲಾದರೆ ಒಂದೆರಡು ಸಾವಿರ ಆಚೀಚೆ ಆಗುತ್ತದೆ, ಅದು ಇದ್ದದ್ದೇ. ಎಂಟೂವರೆ ಸಾವಿರ ಇಪ್ಪತ್ತನಾಲ್ಕು ಸಾವಿರ ಆಗುವುದಿಲ್ಲ. ಮೇಲಾಗಿ "ಲೇಡೀಸ್ ಗಾಡೀಲಿ ಹೀಗೇ" ಅಂತ ಅವರೇ ಬಾಯಿಬಿಟ್ಟು ಹೇಳಿದ್ದಾರಲ್ಲ.

ನನಗೆ ಇದು ಗೊತ್ತಿರುವುದು ಆ ಕೌಂಟರಿನ ಆಚೆ ಕಡೆ ನಾನೇ ಕೂತಿದ್ದರಿಂದ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಹನ್ನೊಂದು ವರ್ಷ ಬೇರೆ ಬೇರೆ ಊರಿನ ಸರ್ವಿಸ್ ಸೆಂಟರುಗಳಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದೆ. ಈಗ ಎಂಟು ವರ್ಷದಿಂದ ಮೈಸೂರಿನಲ್ಲಿ ಸ್ವಂತ ಗ್ಯಾರೇಜು ನಡೆಸುತ್ತಿದ್ದೇನೆ.

ಗಾಡಿ ಒಳಗೆ ಬಂದ ಮೊದಲ ಎರಡು ನಿಮಿಷದಲ್ಲಿ ಏನಾಗುತ್ತದೆ ಹೇಳುತ್ತೇನೆ. ಅಡ್ವೈಸರಿಗೆ ಸಂಬಳ ಕಮ್ಮಿ, ಇನ್ಸೆಂಟಿವ್ ನಂಬಿಕೊಂಡೇ ಮನೆ ನಡೆಯಬೇಕು. ಆ ಇನ್ಸೆಂಟಿವ್ ನಿಂತಿರುವುದು ಗಾಡಿಗೆ ಸರಾಸರಿ ಎಷ್ಟು ಬಿಲ್ಲಾಯಿತು, ಎಷ್ಟು ಗಾಡಿಗೆ 'ವ್ಯಾಸ್' ಹಾಕಿದೆ ಅನ್ನುವುದರ ಮೇಲೆ. ವ್ಯಾಸ್ ಅಂದರೆ ವ್ಯಾಲ್ಯೂ ಆಡೆಡ್ ಸರ್ವಿಸ್. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿಗೆ ವಾಸನೆ ಹೋಗಿಸುವ ಸ್ಪ್ರೇ, ಗಾಡಿ ಅಡಿಗೆ ಕೋಟಿಂಗ್, ಇಲಿ ಬಾರದ ಹಾಗೆ ಹೊಡೆಯುವ ಔಷಧಿ, ಇಂಥವು. ತಿಂಗಳ ಕೊನೆಯ ವಾರದಲ್ಲಿ ಟಾರ್ಗೆಟ್ ಮುಟ್ಟಿಲ್ಲ ಅಂದರೆ ಬೆಳಗಿನ ಮೀಟಿಂಗಿನಲ್ಲಿ ಎಲ್ಲರ ಮುಂದೆ ಬೈಸಿಕೊಳ್ಳಬೇಕು. ಹಾಗಾಗಿ ಬಂದವರನ್ನು ಅಳೆಯುವುದು ಅಭ್ಯಾಸವಾಗಿಬಿಡುತ್ತದೆ. ಯಾರು ಬೇಡ ಅನ್ನುವುದಿಲ್ಲ? ನಿವೃತ್ತರಾದ ಮೇಷ್ಟ್ರು, ಮೊದಲ ಕಾರು ತಗೊಂಡವರು, ದೂರದ ಊರಿನವರು ದಾರಿಯಲ್ಲಿ ಕೆಟ್ಟು ನಿಂತು ಬಂದಿದ್ದರೆ ಅವರು. ಆದರೆ ಇವರನ್ನೆಲ್ಲ ಮಾತಾಡಿಸಿ ನೋಡಿ ಅಳೆಯುತ್ತಾರೆ. ಹೆಂಗಸರನ್ನು ಮಾತ್ರ ಗಾಡಿಯಿಂದ ಇಳಿಯುವಾಗಲೇ ಅಳೆದು ಮುಗಿಸಿರುತ್ತಾರೆ. ಗಾಡಿ ಬಗ್ಗೆ ಗೊತ್ತಿಲ್ಲ, ರೇಟು ಗೊತ್ತಿಲ್ಲ, ಕೊನೆಯ ಮಾತು ಮನೆಯ ಗಂಡಸಿನದು ಅಂತ. "ಸಾರ್ ಬಂದಿಲ್ವಾ ಮೇಡಂ?" ಅನ್ನುವ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಮತ್ತೆ ಇದನ್ನು ಒರಟಾಗಿ ಮಾಡುವುದಿಲ್ಲ, ಬಹಳ ಮರ್ಯಾದೆಯಿಂದ ಮಾಡುತ್ತಾರೆ. "ಮೇಡಂ, ನೀವು ಎಸಿ ರೂಮಲ್ಲಿ ಕೂತ್ಕೊಳ್ಳಿ, ಒಳಗೆಲ್ಲ ಗ್ರೀಸು, ಬಟ್ಟೆ ಹಾಳಾಗುತ್ತೆ." ಕಾಫಿ ಬರುತ್ತದೆ. ಅದೇ ಹೊತ್ತಿಗೆ ಬಂದ ಗಂಡಸು ಯಾರನ್ನೂ ಕೇಳದೆ ಸೀದಾ ಒಳಗೆ ಹೋಗಿ ಲಿಫ್ಟ್ ಕೆಳಗೆ ನಿಂತು, ತನಗೆ ಅರ್ಥವಾಗಲಿ ಬಿಡಲಿ, ಮೆಕ್ಯಾನಿಕ್ ಮಾಡುವುದನ್ನು ನೋಡುತ್ತಾ ಇರುತ್ತಾನೆ. ಅವನ ಎದುರಿಗೆ "ಶಾಕ್ ಅಬ್ಸಾರ್ಬರ್ ಹೋಗಿದೆ" ಅನ್ನಬೇಕಾದರೆ ತೋರಿಸಿಯೇ ಹೇಳಬೇಕು. ಎಸಿ ರೂಮಿನಲ್ಲಿ ಕೂತವರಿಗೆ ತೋರಿಸಬೇಕಾಗಿಲ್ಲ, ಹೇಳಿದರೆ ಸಾಕು. ನೀವಂತೂ ಗಾಡಿ ಬಿಟ್ಟು ಕಾಲೇಜಿಗೆ ಹೋಗಿದ್ದಿರಿ, ಫೋನಿನಲ್ಲಿ ಹೇಳಿದರೆ ಮುಗಿಯಿತು.

ಫೋನಿನಲ್ಲಿ ಹೆದರಿಸುವ ಮಾತು ಒಂದು ಇದೆ, ನೀವೂ ಕೇಳಿರುತ್ತೀರಿ. "ಮಕ್ಕಳನ್ನ ಕೂರಿಸಿಕೊಂಡು ಹೋಗ್ತೀರಾ ಮೇಡಂ, ಬ್ರೇಕ್ ವಿಷಯದಲ್ಲಿ ರಿಸ್ಕ್ ತಗೋಬೇಡಿ." ಮಕ್ಕಳಿರುವ ಗಂಡಸರಿಗೆ ಈ ಮಾತು ಹೇಳಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ.

ದುಡ್ಡಿನ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ದೊಡ್ಡ ನಷ್ಟ ಒಂದಿದೆ, ಅದನ್ನು ಮೊದಲು ಹೇಳಬೇಕು. ಹೆಂಗಸರು ಹೇಳಿದ್ದನ್ನು ಗ್ಯಾರೇಜಿನವರು ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಳ್ಳದೆ ಗಾಡಿ ರಿಪೇರಿ ಮಾಡಲು ಆಗುವುದಿಲ್ಲ.

ಇದರಲ್ಲಿ ನನ್ನದೇ ತಪ್ಪು ಒಂದಿದೆ. ಅಡ್ವೈಸರ್ ಆಗಿ ಮೂರನೆಯ ವರ್ಷವೋ ನಾಲ್ಕನೆಯದೋ ಇರಬೇಕು. ಮೈಸೂರಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ನರ್ಸ್, ತವರು ಸುಳ್ಯದ ಕಡೆ, ತಿಂಗಳಿಗೊಮ್ಮೆ ತಾವೇ ಗಾಡಿ ಓಡಿಸಿಕೊಂಡು ಮಡಿಕೇರಿ ಮೇಲೆ ಸಂಪಾಜೆ ಘಾಟಿ ಇಳಿದು ಹೋಗುತ್ತಿದ್ದರು. ಅವರು ಹೇಳಿದ್ದು ಹೀಗೆ: "ಘಾಟಿ ಅರ್ಧ ಇಳಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಗುತ್ತೆ, ಒತ್ತಿದಷ್ಟೂ ಕೆಳಗೆ ಹೋಗುತ್ತೆ. ಕೆಳಗೆ ಹೋಗಿ ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ ಇರುತ್ತೆ." ನಾನು ಜಾಬ್ ಕಾರ್ಡಿನಲ್ಲಿ, ಅಂದರೆ ಗಾಡಿಯ ತೊಂದರೆ ಬರೆದುಕೊಳ್ಳುವ ಕಾಗದದಲ್ಲಿ, ಬರೆದಿದ್ದು "ಬ್ರೇಕ್ ಚೆಕ್" ಅಂತ, ಎರಡೇ ಪದ. ಜೊತೆಗೆ ಬಂದಿದ್ದ ಗಂಡನನ್ನು ಕೇಳಿದೆ, "ಸಾರ್, ನಿಮಗೂ ಹಾಗೆ ಅನ್ನಿಸಿದೆಯಾ?" ಅವರು "ಇಲ್ಲಪ್ಪಾ, ನಾನು ಓಡಿಸಿದಾಗ ಸರಿಯಾಗೇ ಇತ್ತು" ಅಂದರು. ಅವರು ಓಡಿಸಿದ್ದು ಊರೊಳಗೆ. ನಮ್ಮ ಮೆಕ್ಯಾನಿಕ್ ರೋಡ್ ಟೆಸ್ಟ್ ಮಾಡಿದ್ದೂ ರಿಂಗ್ ರಸ್ತೆಯಲ್ಲಿ. ಏನೂ ಸಿಗಲಿಲ್ಲ. ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸಿ ಬಿಲ್ ಮಾಡಿ ಕಳಿಸಿದೆವು. ಮುಂದಿನ ತಿಂಗಳು ಅದೇ ಘಾಟಿಯಲ್ಲಿ ಮತ್ತೆ ಅದೇ ಆಯಿತು, ಪುಣ್ಯಕ್ಕೆ ಏನೂ ಅನಾಹುತ ಆಗಲಿಲ್ಲ.

ತೊಂದರೆ ಇದ್ದದ್ದು ಬ್ರೇಕ್ ಆಯಿಲಿನಲ್ಲಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಬೇಕು, ತೇವ ಕುಡಿದ ಹಳೆಯದು 140 ಡಿಗ್ರಿಗೇ ಕುದಿಯಬಹುದು. ಘಾಟಿಯಲ್ಲಿ ಬಿಡದೆ ಬ್ರೇಕ್ ಒತ್ತುತ್ತಿದ್ದರೆ ಅಷ್ಟು ಬಿಸಿ ಸುಲಭವಾಗಿ ಆಗುತ್ತದೆ. ಆಯಿಲ್ ಕುದ್ದು ಆವಿ ಗುಳ್ಳೆ ಬಂದರೆ ಪೆಡಲ್ ಮೆತ್ತಗಾಗುತ್ತದೆ, ತಣ್ಣಗಾದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಇರುತ್ತದೆ. ಅದಕ್ಕೇ ಈ ಆಯಿಲನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು. ಆ ನರ್ಸ್ ಹೇಳಿದ ಒಂದೊಂದು ಪದವೂ ಇದನ್ನೇ ಹೇಳುತ್ತಿತ್ತು. ಘಾಟಿ, ಅರ್ಧ ಇಳಿದ ಮೇಲೆ, ಮೆತ್ತಗೆ, ನಿಲ್ಲಿಸಿದರೆ ಸರಿ. ಓದಿಕೊಂಡು ಬಂದಿದ್ದ ನಾನು, ಅದೂ ಹೆಂಗಸಾಗಿದ್ದುಕೊಂಡು, ಅಷ್ಟನ್ನೂ ಬಿಟ್ಟು ಅವರ ಗಂಡನ ಮುಖ ನೋಡಿದ್ದೆ. ಇದು ಗಂಡಸರು ಮಾತ್ರ ಮಾಡುವ ತಪ್ಪಲ್ಲ ಅನ್ನುವುದಕ್ಕೆ ಈ ಕಥೆ ಹೇಳಿದೆ. ಆ ಕೌಂಟರಿನಲ್ಲಿ ಕೂತರೆ ಯಾರಿಗಾದರೂ ಹತ್ತಿಕೊಳ್ಳುವ ಚಾಳಿ ಅದು.

ಆದ್ದರಿಂದ ನಿಮಗೆ ನಾನು ಹೇಳುವ ಎಲ್ಲಕ್ಕಿಂತ ಮುಖ್ಯವಾದ ಮಾತು ಜಾಬ್ ಕಾರ್ಡಿನದು. ಗಾಡಿ ಬಿಡುವಾಗ ನಿಮ್ಮ ಕೈಗೆ ಕೊಟ್ಟು ಸಹಿ ಮಾಡಿಸಿಕೊಳ್ಳುವ ಕಾಗದ ಅದು, ಈಗ ಹೆಚ್ಚಿನ ಕಡೆ ಟ್ಯಾಬಿನಲ್ಲಿ ತುಂಬಿ ಫೋನಿಗೆ ಕಳಿಸುತ್ತಾರೆ. ಮೆಕ್ಯಾನಿಕ್ ನಿಮ್ಮನ್ನು ನೋಡುವುದಿಲ್ಲ, ನಿಮ್ಮ ಮಾತು ಕೇಳುವುದಿಲ್ಲ, ಅವನ ಕೈಗೆ ಹೋಗುವುದು ಆ ಕಾಗದ ಮಾತ್ರ. ಅದರಲ್ಲಿ "ಸಸ್ಪೆನ್ಷನ್ ನಾಯ್ಸ್" ಅಂತ ಇದ್ದರೆ ಅವನು ಏನು ಬೇಕಾದರೂ ಬದಲಾಯಿಸಬಹುದು. "ಮುಂದಿನ ಎಡಗಡೆ, ಹಂಪ್ ಇಳಿಯುವಾಗ, ನಿಧಾನವಾಗಿ ಹೋದಾಗ ಮಾತ್ರ, ಕಟ್ ಅಂತ ಒಂದೇ ಸಲ" ಅಂತ ಇದ್ದರೆ ಅವನು ಹುಡುಕಬೇಕಾದ ಜಾಗ ಎರಡೋ ಮೂರೋ. ಬರೆಯಲು ಅಡ್ವೈಸರ್ ಒಪ್ಪದಿದ್ದರೆ ನೀವೇ ಬರೆಯಿರಿ, ಅಥವಾ ಅಲ್ಲೇ ನಿಂತು ಅವರ ನಂಬರಿಗೆ ವಾಟ್ಸಾಪ್ ಮಾಡಿ.

ಇಂಗ್ಲಿಷ್ ಪದ ಹುಡುಕಬೇಡಿ. ಶಬ್ದ ಹೇಳುವುದಕ್ಕೆ ನಮ್ಮ ಕನ್ನಡದಲ್ಲಿ ಇರುವಷ್ಟು ಪದ ಜಾಬ್ ಕಾರ್ಡಿನ ಇಂಗ್ಲಿಷಿನಲ್ಲಿ ಇಲ್ಲ, ಮೆಕ್ಯಾನಿಕ್ ಹುಡುಗರಿಗೂ ಅದೇ ಬೇಗ ಅರ್ಥವಾಗುತ್ತದೆ. "ಗುಂಯ್" ಅಂತ ಶುರುವಾಗಿ ಸ್ಪೀಡ್ ಜಾಸ್ತಿ ಆದಷ್ಟೂ ಜಾಸ್ತಿ ಆದರೆ, ತಿರುವಿನಲ್ಲಿ ಬದಲಾದರೆ, ಮೊದಲು ಅನುಮಾನ ಬರುವುದು ವೀಲ್ ಬೇರಿಂಗ್ ಮೇಲೆ, ಟೈರ್ ಸವೆತದಿಂದಲೂ ಬರಬಹುದು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಹೊರಡಿಸುವಾಗ "ಟಕ ಟಕ ಟಕ" ಅಂದರೆ ಡ್ರೈವ್ ಶಾಫ್ಟ್ ಜಾಯಿಂಟ್. ಬ್ರೇಕ್ ಒತ್ತಿದಾಗ "ಕೀಂ" ಅಂದರೆ ಪ್ಯಾಡ್ ಸವೆದಿರಬಹುದು, "ಗೊರ್ರ್" ಅಂದರೆ ಪ್ಯಾಡ್ ಪೂರ್ತಿ ಮುಗಿದು ಕಬ್ಬಿಣ ಡಿಸ್ಕಿಗೆ ಉಜ್ಜುತ್ತಿರಬಹುದು, ಆಗ ಓಡಿಸಬೇಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ "ಕಿರ್ರ್" ಅಂದು ಸ್ವಲ್ಪ ಹೊತ್ತಿಗೆ ನಿಂತರೆ ಫ್ಯಾನ್ ಬೆಲ್ಟ್. ಗಾಡಿ ನಿಂತಿರುವಾಗ ತಗಡು ಅಲ್ಲಾಡಿದ ಹಾಗೆ "ಝಣ ಝಣ" ಅಂದರೆ ಸೈಲೆನ್ಸರ್ ಹತ್ತಿರದ ತಗಡು ಸಡಿಲ ಆಗಿರಬಹುದು, ಒಂದು ಕ್ಲಿಪ್ ಹಾಕಿದರೆ ಮುಗಿಯುವ ಕೆಲಸ. ನೀವು ಕಾರಣ ಹೇಳಬೇಕಾಗಿಲ್ಲ. ಶಬ್ದ, ಯಾವ ಕಡೆ, ಯಾವಾಗ, ಎಷ್ಟು ಸ್ಪೀಡಿನಲ್ಲಿ ಅಂತ ಹೇಳಿದರೆ ಸಾಕು. ದಿನಾ ಓಡಿಸುವವರು ನೀವು. ಇದನ್ನು ನಿಮಗಿಂತ ಚೆನ್ನಾಗಿ ಹೇಳಬಲ್ಲವರು ಯಾರೂ ಇಲ್ಲ, ನಿಮ್ಮ ತಮ್ಮನೂ ಹೇಳಲಾರರು. ಶಬ್ದ ಬಂದಾಗ ಪಕ್ಕದಲ್ಲಿ ಕೂತವರ ಕೈಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಈಗ ದುಡ್ಡಿನ ಮಾತು. ಅಮೆರಿಕದಲ್ಲಿ ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಆಗಿದೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೇಘನ್ ಬುಸ್ಸಿ ಮತ್ತು ಅವರ ಜೊತೆಗಾರರು 2013ರಲ್ಲಿ ಹೊರತಂದಿದ್ದು. ಗಂಡಸರು ಮತ್ತು ಹೆಂಗಸರ ಕೈಯಲ್ಲಿ ಗ್ಯಾರೇಜುಗಳಿಗೆ ಫೋನ್ ಮಾಡಿಸಿ, ಒಂದೇ ಟೊಯೋಟಾ ಕ್ಯಾಮ್ರಿ ಕಾರಿನ ರೇಡಿಯೇಟರ್ ಬದಲಾಯಿಸಲು ಎಷ್ಟು ಅಂತ ಕೇಳಿಸಿದರು. ರೇಟು ಗೊತ್ತೇ ಇಲ್ಲ ಅಂದಾಗ ಗಂಡಸರಿಗೆ ಸರಾಸರಿ 383 ಡಾಲರ್ ಹೇಳಿದರು, ಹೆಂಗಸರಿಗೆ 406. ಆದರೆ "365 ಡಾಲರ್ ಆಗುತ್ತೆ ಅಂತ ಕೇಳಿದ್ದೇನೆ" ಅಂತ ಮಾರುಕಟ್ಟೆಯ ರೇಟನ್ನು ಮೊದಲೇ ಹೇಳಿದಾಗ ಈ ವ್ಯತ್ಯಾಸ ಹೋಗಿಬಿಟ್ಟಿತು. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಕಮ್ಮಿ ಮಾಡಿ ಅಂತ ಕೇಳಿದಾಗ ಒಪ್ಪಿದ ಗ್ಯಾರೇಜುಗಳು ಗಂಡಸರಿಗೆ 25%, ಹೆಂಗಸರಿಗೆ 35%. ಅಂದರೆ ಕೇಳಿದರೆ ಸಿಗುತ್ತದೆ. ನಮ್ಮಲ್ಲಿ ತರಕಾರಿಗೆ ಹತ್ತು ರೂಪಾಯಿ ಬಿಡದೆ ಚೌಕಾಸಿ ಮಾಡುವವರೂ ಸರ್ವಿಸ್ ಬಿಲ್ಲಿನ ಮುಂದೆ ಸುಮ್ನೆ ಕಾರ್ಡ್ ಕೊಟ್ಟುಬಿಡುತ್ತಾರೆ. ಬಿಲ್ಲು ಪ್ರಿಂಟ್ ಆಗಿ ಬಂದಿದೆ ಅಂದ ತಕ್ಷಣ ಅದು ಬದಲಾಗದ ರೇಟು ಅನ್ನಿಸುತ್ತದೆ. ಲೇಬರ್ ಚಾರ್ಜಿನಲ್ಲಿ, ವ್ಯಾಸ್‌ನಲ್ಲಿ ಡಿಸ್ಕೌಂಟ್ ಕೊಡುವ ಅಧಿಕಾರ ಅಡ್ವೈಸರಿಗೇ ಇರುತ್ತದೆ, ದೊಡ್ಡದಾದರೆ ಮ್ಯಾನೇಜರ್ ಹತ್ತಿರ ಇರುತ್ತದೆ. ನನಗೂ ಇತ್ತು. ಕೇಳಿದವರಿಗೆ ಕೊಟ್ಟಿದ್ದೇನೆ, ಕೇಳದವರಿಗೆ ಕೊಟ್ಟಿಲ್ಲ.

ನಿಮಗೆ ಗಾಡಿಯ ಒಳಗುಟ್ಟೆಲ್ಲ ಗೊತ್ತಿರಬೇಕಾಗಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ, ಅಲ್ವಾ? ಒಂದು ನಂಬರ್ ಗೊತ್ತಿದ್ದರೆ ಬಹಳಷ್ಟು ಕೆಲಸ ಆಗುತ್ತದೆ. ನಂಬರ್ ಸಿಗುವುದು ಕಷ್ಟವೇನಲ್ಲ. ಮಾರುತಿ, ಹ್ಯುಂಡೈ ಥರದ ಕಂಪನಿಗಳ ವೆಬ್‌ಸೈಟಿನಲ್ಲೇ ನಿಮ್ಮ ಮಾಡೆಲಿಗೆ ಮಾಮೂಲಿ ಸರ್ವಿಸ್ ಎಷ್ಟಾಗುತ್ತದೆ ಅಂತ ನೋಡಬಹುದು. ಪಾರ್ಟಿನ ಎಂಆರ್‌ಪಿ ಬೂಡ್‌ಮೋ ಥರದ ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲವಾದರೆ ನಿಮ್ಮ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ, ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಯಾವುದಾದರೂ ಅಂಗಡಿಗೆ ಫೋನ್ ಮಾಡಿ ಮಾಡೆಲ್, ವರ್ಷ ಹೇಳಿದರೆ ಒಂದು ನಿಮಿಷದಲ್ಲಿ ಹೇಳುತ್ತಾರೆ. ಆಮೇಲೆ ಎರಡು ಗ್ಯಾರೇಜಿಗೆ ಫೋನ್ ಮಾಡಿ. "ಪಾರ್ಟಿಗೆ ಎಷ್ಟು, ಲೇಬರ್ ಎಷ್ಟು ಬೇರೆ ಬೇರೆ ಹೇಳಿ, ಪಾರ್ಟು ಇಷ್ಟಕ್ಕೆ ಸಿಗುತ್ತೆ ಅಂತ ನನಗೆ ಗೊತ್ತು" ಅನ್ನಿ. ಅಷ್ಟೇ. ಜಗಳದ ದನಿ ಬೇಡ, ವಿವರಣೆಯೂ ಬೇಡ.

ಹಾಗೆಯೇ "ಹೋಗಿದೆ" ಅನ್ನುವ ಮಾತನ್ನು ಒಪ್ಪಬೇಡಿ, ಅಳತೆ ಕೇಳಿ. "ಬ್ರೇಕ್ ಪ್ಯಾಡ್ ಹೋಗಿದೆ" ಅಂದರೆ "ಎಷ್ಟು ಎಂಎಂ ಉಳಿದಿದೆ?" ಹೊಸ ಪ್ಯಾಡ್ ಸುಮಾರು 10 ಎಂಎಂ ದಪ್ಪ ಇರುತ್ತದೆ, 3 ಎಂಎಂ ಹತ್ತಿರ ಬಂದರೆ ಬದಲಾಯಿಸಬೇಕು, 6 ಇದ್ದರೆ ಆರಾಮಾಗಿ ಓಡಿಸಬಹುದು. ಟೈರಿನ ಗೆರೆಯ ಆಳ ಕಾನೂನಿನ ಪ್ರಕಾರ 1.6 ಎಂಎಂಗಿಂತ ಕಮ್ಮಿ ಆಗಬಾರದು, ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2321 ಅಂತಿದ್ದರೆ 2021ರ 23ನೇ ವಾರ ತಯಾರಾಗಿದ್ದು. ಬ್ಯಾಟರಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇದ್ದರೆ ಚಾರ್ಜ್ ಸರಿಯಾಗಿದೆ, ಅದರ ಆರೋಗ್ಯಕ್ಕೆ ಲೋಡ್ ಟೆಸ್ಟ್ ಚೀಟಿ ಕೇಳಿ. ವೀಲ್ ಅಲೈನ್‌ಮೆಂಟ್ ಮಾಡಿದರೆ ಮೊದಲು–ಆಮೇಲಿನ ಪ್ರಿಂಟ್ ಬರುತ್ತದೆ. ಅಳತೆ ಕೇಳಿದ ತಕ್ಷಣ ಅಡ್ವೈಸರ್ ಒಳಗೆ ಹೋಗಿ ನಿಜವಾಗಿ ಅಳೆದು ಬರಬೇಕಾಗುತ್ತದೆ. ಎಷ್ಟೋ ಸಲ ವಾಪಸ್ ಬಂದಾಗ ಪಟ್ಟಿ ಚಿಕ್ಕದಾಗಿರುತ್ತದೆ.

ನಿಮ್ಮ 24,000ದ ಪಟ್ಟಿಯನ್ನೇ ನೋಡೋಣ. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್ ನಿಮ್ಮ ಗಾಡಿಯ ಮ್ಯಾನುಯಲ್‌ನ ಸರ್ವಿಸ್ ಪಟ್ಟಿಯಲ್ಲಿ ಇದೆಯಾ ನೋಡಿ. ಗ್ಲೋವ್ ಬಾಕ್ಸಿನಲ್ಲಿ ಆ ಪುಸ್ತಕ ಹಾಗೇ ಬಿದ್ದಿರುತ್ತದೆ, ಕೊನೆಯ ಭಾಗದಲ್ಲಿ ಎಷ್ಟು ಕಿ.ಮೀ.ಗೆ ಏನು ಅಂತ ಒಂದು ಕೋಷ್ಟಕ ಇರುತ್ತದೆ. ಅದರಲ್ಲಿಲ್ಲದ್ದು, ನಿಮಗೆ ಯಾವ ತೊಂದರೆಯೂ ಇಲ್ಲದಿದ್ದರೆ, ಬೇಡ ಅನ್ನಿ. ಎಸಿಯಲ್ಲಿ ವಾಸನೆ ಬಂದರೆ, ಗಾಳಿ ಕಮ್ಮಿ ಆದರೆ ಮೊದಲು ಕ್ಯಾಬಿನ್ ಫಿಲ್ಟರ್ ಬದಲಾಯಿಸಿ. ಬಹಳಷ್ಟು ಹ್ಯಾಚ್‌ಬ್ಯಾಕ್‌ಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ, ನೀವೇ ಹತ್ತು ನಿಮಿಷದಲ್ಲಿ ಹಾಕಬಹುದು.

ಕ್ಲಚ್. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಐವತ್ತರ ಸ್ಪೀಡಿನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಚೆನ್ನಾಗಿ ಒತ್ತಿ. ಎಂಜಿನ್ ಕೂಗು ಏರಿ, ಆರ್‌ಪಿಎಂ ಮುಳ್ಳು ಮೇಲೆ ಹೋಗಿ, ಸ್ಪೀಡ್ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡೂ ಒಟ್ಟಿಗೆ ಏರಿದರೆ ಕ್ಲಚ್ ಜಾರುತ್ತಿಲ್ಲ. ಹಾಫ್ ಕ್ಲಚ್ಚಿನಲ್ಲಿ ಓಡಿಸಿದರೆ ಕ್ಲಚ್ ಬೇಗ ಸವೆಯುವುದು ನಿಜ, ಆದರೆ ಅದು ಟ್ರಾಫಿಕ್ಕಿನಲ್ಲಿ ಓಡಿಸುವ ಎಲ್ಲರಿಗೂ ಬರುವ ಅಭ್ಯಾಸ. ಬಿಚ್ಚಿ ನೋಡದೆ, ಓಡಿಸಿ ನೋಡದೆ, ಓಡಿಸುವವರು ಹೆಂಗಸು ಅನ್ನುವುದರಿಂದಲೇ ಕ್ಲಚ್ ಹೋಗಿದೆ ಅಂತ ತೀರ್ಮಾನ ಮಾಡುವುದು ರಿಪೇರಿ ವಿದ್ಯೆಯಲ್ಲ. ಅದನ್ನು ಕೇಳಿ ನನಗೆ ಸಿಟ್ಟು ಬಂತು.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಸ್ವಲ್ಪ ನ್ಯಾಯವಾಗಿ ಮಾತಾಡಬೇಕು. ಒಂದು ಹೋದರೂ ಎರಡನ್ನೂ ಒಟ್ಟಿಗೆ ಬದಲಾಯಿಸಿ ಅನ್ನುವುದು ಮೋಸ ಅಲ್ಲ, ಎಡ ಬಲ ಒಂದೇ ಸಮ ಇರಬೇಕು, ಬ್ರೇಕ್ ಪ್ಯಾಡಿಗೂ ಹಾಗೇ. ಆದರೆ ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಸಾಮಾನ್ಯವಾಗಿ ಮೇಲೆ ಎಣ್ಣೆ ಸೋರಿದ ಗುರುತು ಇರುತ್ತದೆ, ಗಾಡಿ ಹಂಪ್ ಇಳಿದ ಮೇಲೂ ತೂಗುತ್ತಾ ಇರುತ್ತದೆ. ನೀವು ಹೇಳುವ ಲಕ್ಷಣಕ್ಕೆ ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಶ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳಿನ ರಬ್ಬರ್) ಹೆಚ್ಚು ಹೊಂದುತ್ತದೆ. ಲಿಫ್ಟ್ ಮೇಲೆ ಏರಿಸಿ, ಕೆಳಗೆ ನಿಂತು, "ಎಲ್ಲಿ ಆಟ ಇದೆ, ಅಲ್ಲಾಡಿಸಿ ತೋರಿಸಿ" ಅನ್ನಿ. ಆಟ ಅಂದರೆ ಸಡಿಲ. ಹೋಗಿರುವ ಬುಶ್ ಕಣ್ಣಿಗೇ ಕಾಣುತ್ತದೆ, ರಬ್ಬರ್ ಹರಿದಿರುತ್ತದೆ. ಒಳಗೆ ಬಿಡುವುದಿಲ್ಲ ಅಂದರೆ ವೀಡಿಯೊ ಕಳಿಸಿ ಅನ್ನಿ, ಅದರಲ್ಲಿ ನಿಮ್ಮ ಗಾಡಿಯ ನಂಬರ್ ಪ್ಲೇಟ್ ಕಾಣಬೇಕು. ಬದಲಾಯಿಸಿದ ಹಳೆ ಪಾರ್ಟನ್ನು ಡಿಕ್ಕಿಯಲ್ಲಿ ಹಾಕಿಸಿಕೊಳ್ಳಿ. ಇದನ್ನು ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ಬರೆಸಿ, ಆಮೇಲೆ ಕೇಳಿದರೆ "ಗುಜರಿಗೆ ಹೋಯ್ತು ಮೇಡಂ" ಅನ್ನುತ್ತಾರೆ. ಮಧ್ಯಾಹ್ನ ಫೋನ್ ಬಂದರೆ ಬಾಯಲ್ಲಿ ಸರಿ ಅನ್ನಬೇಡಿ, "ಪಟ್ಟಿ ವಾಟ್ಸಾಪ್ ಮಾಡಿ, ನೋಡಿ ಹೇಳುತ್ತೇನೆ" ಅನ್ನಿ. ಕ್ಲಾಸ್ ಮಧ್ಯೆ ಬಂದ ಫೋನಿಗೆ ಹೂಂ ಅಂದು ಸಾವಿರಾರು ರೂಪಾಯಿ ಕಟ್ಟಿದವರು ನನಗೆ ಎಷ್ಟೋ ಜನ ಗೊತ್ತು.

ದೂರಿನ ವಿಷಯ. ನೀವು ದುಡ್ಡು ಕೊಟ್ಟಿಲ್ಲ, ಕೆಲಸ ಮಾಡಿಸಿಲ್ಲ. ಬರೀ ಎಸ್ಟಿಮೇಟ್ ಜಾಸ್ತಿ ಹೇಳಿದ್ದಕ್ಕೆ ಗ್ರಾಹಕರ ಆಯೋಗದಲ್ಲಿ ಕೇಸು ನಿಲ್ಲುವುದು ಕಷ್ಟ. ಕ್ಯಾಲಿಫೋರ್ನಿಯದಲ್ಲಿ ಒಂದೇ ಸೇವೆಗೆ ಹೆಂಗಸರಿಗೆ ಬೇರೆ ರೇಟು ಹಾಕುವಂತಿಲ್ಲ ಅಂತ 1995ರಲ್ಲೇ ಕಾಯಿದೆ ಮಾಡಿದರು. ನಮ್ಮ 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ಅಂಥ ಪ್ರತ್ಯೇಕ ಮಾತು ಇಲ್ಲ, ಇರಬೇಕಿತ್ತು ಅಂತ ನನ್ನ ಅಭಿಪ್ರಾಯ. ಆದರೆ ಮಾಡದ ಕೆಲಸಕ್ಕೆ ಬಿಲ್ ಹಾಕಿದರೆ, ಡೂಪ್ಲಿಕೇಟ್ ಪಾರ್ಟನ್ನು ಒರಿಜಿನಲ್ ಅಂತ ಹಾಕಿದರೆ, ಕೇಳದೆ ಕೆಲಸ ಮಾಡಿದರೆ, ಪ್ಯಾಕೆಟ್ ಮೇಲಿನ ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ, ಬಿಲ್ ಕೊಡದಿದ್ದರೆ, ಆಗ ಖಂಡಿತ ದೂರು ಕೊಡಬಹುದು. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗೆಹರಿಯದಿದ್ದರೆ ಜಿಲ್ಲಾ ಆಯೋಗ. ನೀವಿರುವ ಜಿಲ್ಲೆಯಲ್ಲೇ ಹಾಕಬಹುದು, ಆನ್‌ಲೈನಿನಲ್ಲೂ ಆಗುತ್ತದೆ, ನೀವು ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಅಲ್ಲಿ ನಿಮ್ಮ ಕೈ ಹಿಡಿಯುವುದು ಜಾಬ್ ಕಾರ್ಡು, ವಾಟ್ಸಾಪ್ ಪಟ್ಟಿ, ಬಿಲ್ಲು, ಹಳೆ ಪಾರ್ಟು.

ನಿಮ್ಮ ಈಗಿನ ಸಂದರ್ಭಕ್ಕೆ, ಅದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಆಗಿದ್ದರೆ, ಎರಡು ಎಸ್ಟಿಮೇಟನ್ನೂ ಜೊತೆಗಿಟ್ಟು ವರ್ಕ್ಸ್ ಮ್ಯಾನೇಜರಿಗೂ ಕಂಪನಿಯ ಕಸ್ಟಮರ್ ಕೇರಿಗೂ ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದಾದರೆ ದಿನ, ಹೊತ್ತು, ಅಡ್ವೈಸರ್ ಆಡಿದ ಮಾತು ಬರೆಯಿರಿ. ಕಂಪನಿಗೆ ಬರವಣಿಗೆಯಲ್ಲಿ ಹೋದ ದೂರಿಗೆ ಡೀಲರ್ ಉತ್ತರ ಕೊಡಬೇಕಾಗುತ್ತದೆ, ಒಳಗಿದ್ದವಳಾಗಿ ಹೇಳುತ್ತೇನೆ, ಅದಕ್ಕೆ ಅವರು ಹೆದರುತ್ತಾರೆ. ಸರ್ವಿಸ್ ಆದ ಮೇಲೆ "ಫೀಡ್‌ಬ್ಯಾಕ್ ಕಾಲ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ ಮೇಡಂ" ಅಂತ ಬೇಡಿಕೊಳ್ಳುತ್ತಾರಲ್ಲ, ಅದೂ ಇದಕ್ಕೇ. ಪಾಪ ಅಂತ ಹತ್ತು ಕೊಡಬೇಡಿ. ಚೆನ್ನಾಗಿ ನಡೆಸಿಕೊಂಡಿದ್ದರೆ ಕೊಡಿ, ಇಲ್ಲದಿದ್ದರೆ ಯಾಕೆ ಇಲ್ಲ ಅಂತ ಹೇಳಿ.

ಕೊನೆಯದು ತಮ್ಮನ ಮಾತು. ಅವರನ್ನು ಕಳಿಸಿ ಎಸ್ಟಿಮೇಟಿನಲ್ಲಿ ಹದಿನೈದು ಸಾವಿರ ಇಳಿಸಿದ್ದರಲ್ಲಿ ತಪ್ಪೇನಿಲ್ಲ, ಒಂದು ಸಲಕ್ಕೆ ಅದು ಬೇಕಾಗಿತ್ತು. ಆದರೆ ಪ್ರತಿ ಸಲ ಅವರೇ ಹೋದರೆ ಗಾಡಿಯ ಕಥೆ ಗೊತ್ತಿರುವ ನೀವು ಮನೆಯಲ್ಲಿರುತ್ತೀರಿ, ಗೊತ್ತಿಲ್ಲದ ಅವರು ಕೌಂಟರಿನಲ್ಲಿರುತ್ತಾರೆ. ಸಂಪಾಜೆ ಘಾಟಿಯ ನರ್ಸ್ ವಿಷಯದಲ್ಲಿ ಆಗಿದ್ದು ಅದೇ. ಜೊತೆಗೆ ಬರಲಿ, ಸಂತೋಷ. ಅಡ್ವೈಸರ್ ಅವರ ಕಡೆ ತಿರುಗಿ ಮಾತು ಶುರು ಮಾಡಿದಾಗ ಅವರು "ಗಾಡಿ ಅಕ್ಕಂದು, ಅವರ ಹತ್ರಾನೇ ಮಾತಾಡಿ" ಅಂತ ಒಂದು ಮಾತು ಹೇಳಲಿ. ಜೊತೆಗೆ ಬರುವ ಗಂಡಸರು ಮಾಡಬಹುದಾದ ದೊಡ್ಡ ಸಹಾಯ ಅದು, ಅವರಿಗೆ ಮೊದಲೇ ಹೇಳಿಡಿ. ಆ ಜಾಗ ಬೇಡವೇ ಬೇಡ ಅನ್ನಿಸಿದರೆ ಬಿಟ್ಟುಬಿಡಿ. ನಿಮ್ಮ ಗಾಡಿಗೆ ವಾರಂಟಿ ಬಾಕಿ ಇಲ್ಲದಿದ್ದರೆ ಹೊರಗಿನ ಒಳ್ಳೆಯ ಗ್ಯಾರೇಜಿಗೆ ಕೊಡಲು ಯಾವ ಅಡ್ಡಿಯೂ ಇಲ್ಲ. ನಿಮ್ಮ ಕಾಲೇಜಿನಲ್ಲೇ ಗಾಡಿ ಓಡಿಸುವ ಹೆಂಗಸರು ನಾಲ್ಕಾರು ಜನ ಇರುತ್ತಾರೆ, ಯಾವ ಮೇಸ್ತ್ರಿ ತಾವು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾನೆ ಅಂತ ಅವರನ್ನೇ ವಿಚಾರಿಸಿ. ರೇಟು ಎಷ್ಟು ಅಂತ ಆಮೇಲೆ ಕೇಳಿ.

ಸದ್ಯಕ್ಕೆ ಲಿಂಕ್ ರಾಡ್ ಕೆಲಸ ಮಾಡಿಸಿ, ಆದರೆ ಅದಕ್ಕೆ ಮೊದಲು ಲಿಫ್ಟ್ ಮೇಲೆ ಎಡಗಡೆಯ ಲೋವರ್ ಆರ್ಮ್ ಬುಶ್ ಮತ್ತು ಬಾಲ್ ಜಾಯಿಂಟ್ (ಆ ತೋಳನ್ನು ಚಕ್ರದ ಕಡೆಗೆ ಸೇರಿಸುವ ಕೀಲು) ಕೂಡ ಅಲ್ಲಾಡಿಸಿ ನೋಡಲು ಹೇಳಿ. ಅದರಲ್ಲಿ ಬಾಲ್ ಜಾಯಿಂಟಿನಲ್ಲಿ ಆಟ ಇದ್ದರೆ ಮಾತ್ರ ಮುಂದೂಡಬೇಡಿ, ಅದು ಕಳಚಿದರೆ ಚಕ್ರ ವಾಲಿ ಗಾಡಿ ಕೈಗೆ ಸಿಗುವುದಿಲ್ಲ. ಮಾಡಿಸಿದ ಮೇಲೆ ನಿಮಗೆ ದಿನಾ ಸಿಗುವ ಅದೇ ಹಂಪ್ ಮೇಲೆ, ಅದೇ ಸ್ಪೀಡಿನಲ್ಲಿ, ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಲ ನೀವೇ ಓಡಿಸಿ ನೋಡಿ. ಶಬ್ದ ಇನ್ನೂ ಇದ್ದರೆ ಗಾಡಿ ತಗೊಳ್ಳದೆ ವಾಪಸ್ ಒಳಗೆ ಬಿಡಿ. ಆಗ ಏನಂದರು ಅಂತ ನನಗೆ ಬರೆಯಿರಿ.